ಕಬ್ಬೂರ ಸೀಮೆಯ ಹೆಮ್ಮರಗಳು ಮತ್ತು ಅವುಗಳನ್ನು ಕೆಡಹಿದ ಬಗೆ

ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿಯನ್ನು ಹಾಯ್ದು ಮುಧೋಳದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕಬ್ಬೂರಿನವರೆಗೆ ಬಂದ ಪ್ರಯಾಣಿಕನಿಗೆ ಇಂದು ಎರಡು ಮಗ್ಗುಲಲ್ಲಿಯೂ ಕಾಣುವುದು ಕಬ್ಬು, ಗೋವಿನಜೋಳ, ನಡುನಡುವೆ ಅರಿಸಿನದ ಮಡಿಗಳು. ಇವುಗಳಿಗೆಲ್ಲ ಹಿನ್ನೆಲೆಯಾಗಿ ಒಂದು ಕಾಲದಲ್ಲಿ ನಿಂತಿದ್ದ ಹುಣಸೆ, ಬೇವು, ಆಲಗಳ ಮಹಾಕಾಯಗಳು ಎಲ್ಲಿಯೋ ಒಂದು ತಿರುವಿನಲ್ಲಿ, ಯಾವುದೋ ಗುಡಿಯ ಹಿಂದೆ, ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಇದನ್ನು ನೋಡಿ, ಹಿಂದಿನವರು ವೃಕ್ಷಭಕ್ತರಾಗಿದ್ದರು, ನಾವು ಲೋಭಿಗಳಾದೆವು ಎಂದು ನಿಟ್ಟುಸಿರು ಬಿಡುವುದು ವಾಡಿಕೆಯಾಗಿದೆ. ಈ ನಿಟ್ಟುಸಿರಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಹಿಂದಿನವರಿಗೂ ಕಟ್ಟಿಗೆ ಬೇಕಿತ್ತು, ತೊಲೆ ಬೇಕಿತ್ತು, ಹೊಲಕ್ಕೆ ಬಿಸಿಲು ಬೇಕಿತ್ತು, ದುಡ್ಡೂ ಬೇಕಿತ್ತು. ಹೆಮ್ಮರವನ್ನು ಅವರ ಕೈಯಿಂದ ಕಾಪಾಡಿದುದರಲ್ಲಿ ಭಕ್ತಿಗೂ ಕಾಯಿದೆಗೂ ಪಾಲಿದ್ದರೂ ಅತ್ಯಂತ ದೊಡ್ಡ ಪಾಲು, ನನ್ನ ಎಣಿಕೆಯಲ್ಲಿ, ಆ ಮರವನ್ನು ಕೆಡಹುವ ಮತ್ತು ಕೆಡಹಿದ ಮೇಲೆ ಸಾಗಿಸುವ ಶ್ರಮದ್ದು. ಆ ಶ್ರಮ ಹಗುರವಾದ ದಿನ ಭಕ್ತಿ ಕಾಯಿದೆಗಳೆರಡೂ ತಮ್ಮ ಸ್ವಂತ ಬಲದ ಮೇಲೆ ನಿಲ್ಲಬೇಕಾಯಿತು.

ಈ ಸೀಮೆ ಕಾಡಿನ ಸೀಮೆಯಲ್ಲ. ಘಟಪ್ರಭೆಗೂ ಕೃಷ್ಣೆಗೂ ನಡುವಣ ಈ ಎರೆ ಮತ್ತು ಮಸಾರಿ ನೆಲದಲ್ಲಿ ಮರವೆಂದರೆ ಹೊಲದ ಬದುವಿನ ಮರ, ಹಳ್ಳದ ದಂಡೆಯ ಮರ, ಊರ ಅಗಸಿಯ ಮರ, ದಾರಿಯ ಮರ. ಬದುವಿನ ಮೇಲೆ ಮುಖ್ಯವಾಗಿ ಜಾಲಿ ಮತ್ತು ಬೇವು. ಜಾಲಿಯ ಗಟ್ಟಿತನದಿಂದ ಚಕ್ಕಡಿಯ ಗುಂಭ, ರಂಟೆ, ಕುಂಟೆ, ನೊಗಗಳು ಆಗುತ್ತಿದ್ದುವು. ಅದರ ತೊಗಟೆ ತೊಗಲು ಹದ ಮಾಡುವವರಿಗೆ, ಕಾಯಿ ಆಡುಕುರಿಗಳಿಗೆ, ಮುಳ್ಳು ಬೇಲಿಗೆ. ಕೊಡಲಿಯ ಕಾವು ಕುಲಕ್ಕೆ ಸಾವು ಎಂಬ ಗಾದೆಗೆ ಈ ಭಾಗದಲ್ಲಿ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ, ಕಾವೂ ಅನೇಕ ವೇಳೆ ಜಾಲಿಯದೇ. ಮಾವು ಹಲಗೆಗೆ, ಹುಣಸೆ ಗಾಣಕ್ಕೂ ಒನಕೆಗೂ ಇದ್ದಿಲಿಗೂ. ಆಲ, ಅರಳಿ, ಅತ್ತಿಗಳಿಗೆ ಮಾತ್ರ ಬಡಿಗೇರನ ಅಂಗಳದಲ್ಲಿ ಬೆಲೆಯಿರಲಿಲ್ಲ. ಅವುಗಳ ಕಟ್ಟಿಗೆ ಮೃದು, ಸೊಟ್ಟ, ಹುಳಕ್ಕೆ ಸುಲಭದ ತುತ್ತು. ನಮ್ಮ ಪೂಜ್ಯ ವೃಕ್ಷಗಳಲ್ಲಿ ಹೆಚ್ಚಿನವು ಬಡಿಗತನಕ್ಕೆ ಬಾರದವು ಎಂಬುದನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ. ಬರಗಾಲದಲ್ಲಿ ಮಾತ್ರ ಇವುಗಳ ಬೆಲೆ ಎಲ್ಲಕ್ಕೂ ಮಿಗಿಲು: 1876ರಿಂದ 1878ರವರೆಗಿನ ಮಹಾಕ್ಷಾಮದಂಥ ಕಾಲದಲ್ಲಿ ಹುಲ್ಲು ಮುಗಿದ ಮೇಲೆ ದನಗಳಿಗೆ ಉಳಿಯುವುದು ಮರದ ಸೊಪ್ಪು, ಬೇಸಗೆಯಲ್ಲಿಯೂ ಹಸಿರಾಗಿರುವ ಆಲ ಅತ್ತಿಗಳ ಕೊಂಬೆ ಇಳಿಸಿ ಹಾಕಿದವರ ಎತ್ತುಗಳು ಮುಂದಿನ ಮಳೆಯವರೆಗೆ ಜೀವ ಹಿಡಿದುವು.

ಮರ ಕಡಿಯುವುದಕ್ಕೆ ಮುನ್ನ ಅದರ ಅನುಮತಿ ಬೇಡುವ ಪದ್ಧತಿ ಬಲು ಪುರಾತನವಾದುದು. ಕ್ರಿಸ್ತಶಕ ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಪ್ರತಿಮೆಗಾಗಿ ಮರ ತರಲು ಕಾಡಿಗೆ ಹೋಗುವವನು ರಾತ್ರಿ ಆ ಮರವನ್ನು ಪೂಜಿಸಿ, ಅದರಲ್ಲಿ ವಾಸವಾಗಿರುವ ಭೂತಗಳು ಬೇರೆಡೆಗೆ ತೆರಳಬೇಕೆಂದು ಪ್ರಾರ್ಥಿಸಿ, ಬೆಳಗಿಗೆ ಜೇನು ತುಪ್ಪ ಸವರಿದ ಕೊಡಲಿಯಿಂದ ಕಡಿಯತಕ್ಕದ್ದೆಂದು ವಿಧಿಸಿದ್ದಾನೆ. ಮರ ಯಾವ ದಿಕ್ಕಿಗೆ ಬಿದ್ದರೆ ಶುಭ, ಯಾವ ದಿಕ್ಕಿಗೆ ಬಿದ್ದರೆ ಅಶುಭ ಎಂಬುದನ್ನೂ ಹೇಳಿದ್ದಾನೆ. ಈಗಲೂ ದೊಡ್ಡ ಗಿಡಕ್ಕೆ ಕೈಹಚ್ಚುವ ಮೊದಲು ಕಾಯಿ ಒಡೆದು, ಊದಿನಕಡ್ಡಿ ಸಿಕ್ಕಿಸಿ, ಬುಡಕ್ಕೆ ಅರಿಸಿನ ಕುಂಕುಮ ಹಚ್ಚುವವರನ್ನು ನಮ್ಮ ಕಡೆ ಕಾಣಬಹುದು. ಯಂತ್ರಕ್ಕೂ ಅದೇ ಕುಂಕುಮ ತಗಲುತ್ತದೆ. ಆದರೆ ಪೂಜೆಯೆಂಬುದು ಕಡಿಯುವುದನ್ನು ತಡೆಯಲಿಕ್ಕೆ ಹುಟ್ಟಿದ ವಿಧಿಯಲ್ಲ, ಕಡಿಯುವವನ ಅಂಜಿಕೆಯನ್ನು ಕಳೆಯಲಿಕ್ಕೆ ಹುಟ್ಟಿದ ವಿಧಿ. ಅಂಜಿಕೆಗೆ ಕಾರಣವೂ ಇತ್ತು, ಏಕೆಂದರೆ ಆ ಕೆಲಸ ಆಳನ್ನು ಕೊಲ್ಲಬಲ್ಲದಾಗಿತ್ತು.

ಕೊಡಲಿಯ ಕಾಲದಲ್ಲಿ ಹೊಲದ ಹೆಮ್ಮರವನ್ನು ಕೆಡಹುವ ಉತ್ತಮ ಕ್ರಮವೆಂದರೆ ಬುಡವನ್ನು ಕಡಿಯುವುದಲ್ಲ, ಬೇರನ್ನು ಕಡಿಯುವುದು. ಕಾಂಡದ ಸುತ್ತ ಎದೆಯುದ್ದದ ಗುಂಡಿ ತೋಡಿ, ಹಾರೆಯಿಂದ ಮಣ್ಣು ಬಿಡಿಸಿ, ತೊಡೆಗಾತ್ರದ ಒಂದೊಂದು ಬೇರನ್ನೂ ಬಿಡಿಬಿಡಿಯಾಗಿ ತುಂಡರಿಸುತ್ತ, ಬೀಳಿಸಬೇಕಾದ ಮಗ್ಗುಲಿನ ಬೇರುಗಳನ್ನು ಮೊದಲು, ಎದುರು ಮಗ್ಗುಲಿನವನ್ನು ಕೊನೆಗೆ ಎಂಬ ಲೆಕ್ಕದಲ್ಲಿ ಕೆಲಸ ಸಾಗುತ್ತಿತ್ತು. ಕೊನೆಯ ಬೇರುಗಳ ಸರದಿ ಬಂದಾಗ ಮೇಲಿನ ಕವಲಿಗೆ ಕಟ್ಟಿದ ಮಿಣಿಯನ್ನು ಹತ್ತು ಹನ್ನೆರಡು ಮಂದಿ ಜಗ್ಗುವರು. ತಲೆಯ ಭಾರದಿಂದ ಮರ ತಾನೇ ವಾಲಿ ಬೇರುಸಮೇತ ಕಿತ್ತು ಬರುವುದು. ಮುಖ್ಯಸ್ಥನ ಬಾಯಿಂದ "ಹಿಂದ ಸರೀರೋ, ಗಿಡ ಬಂತು!" ಎಂಬ ಕೂಗು ಹೊರಡುವುದು ಬೇರಿನ ಎಳೆಗಳು ಚಟಚಟನೆ ಹರಿಯುವ ಸದ್ದನ್ನು ಕೇಳಿಯೇ ಹೊರತು ಕಣ್ಣಿನಿಂದ ನೋಡಿಯಲ್ಲ. ಈ ಕ್ರಮದಲ್ಲಿ ದಿನಗಳು ಸಲ್ಲುತ್ತಿದ್ದರೂ ಲಾಭ ಎರಡು: ನೆಲದೊಳಗಿನ ಗಟ್ಟಿಯಾದ ಬೊಡ್ಡೆ ಉರುವಲಾಗಿ ಕೈಗೆ ಸಿಗುವುದು, ರಂಟೆಗೆ ತಡೆಯಾಗುವ ಮೋಟು ಹೊಲದಲ್ಲಿ ಉಳಿಯದು. ಬುಡ ಟೊಳ್ಳಾದ ಮರವಾದರೆ ಬೆಂಕಿಯ ಸಹಾಯ ಪಡೆಯುತ್ತಿದ್ದರು. ಪೊಟರೆಗೆ ಕುಳ್ಳು ಒಟ್ಟಿ ಹಚ್ಚಿದ ಕಿಚ್ಚು ಹೊಗೆಯಾಡುತ್ತ ಒಳಗಿಂದೊಳಗೆ ಮರವನ್ನು ತಿಂದು ಎಂದೋ ಒಂದು ನಡುರಾತ್ರಿ ಅದನ್ನು ಕೆಡಹುವುದು, ಯಾವ ಕಡೆಗೆ ಎಂಬುದು ದೈವಾಧೀನ.

ಬಿದ್ದ ಮೇಲಿನ ಸಂಕಟವನ್ನು ಅಂಕೆಗಳಲ್ಲಿ ನೋಡುವುದು ಲೇಸು. ಒಂದೂವರೆ ಮೀಟರ್ ಅಡ್ಡಳತೆಯ, ಕವಲೊಡೆಯುವ ಮುನ್ನ ನಾಲ್ಕು ಮೀಟರ್ ಎತ್ತರ ನೆಟ್ಟಗೆ ಬೆಳೆದ ಹುಣಸೆಯೊಂದರ ಬರಿಯ ಕಾಂಡದ ಗಾತ್ರ ಸುಮಾರು 7 ಘನ ಮೀಟರ್. ಹಸಿ ಹುಣಸೆ ನೀರಿಗಿಂತ ಹಗುರವಲ್ಲ. ಎಂದಮೇಲೆ ಕಾಂಡವೊಂದೇ 7 ಟನ್ನಿಗೆ ಕಡಿಮೆಯಿಲ್ಲ. ಒಂದು ಜೋಡಿ ಎತ್ತಿನ ಚಕ್ಕಡಿಗೆ ಒಂದು ಟನ್ನು ಹೇರಿದರೆ ಅದೇ ಭಾರ, ಅದೂ ಗಟ್ಟಿ ದಾರಿಯಲ್ಲಿ. ಮಳೆ ಬಿದ್ದ ಎರೆಯ ನೆಲದಲ್ಲಿ ಬರಿಯ ಚಕ್ಕಡಿಯೇ ಹೂತುಹೋಗುವುದು. ಆದುದರಿಂದ ದೊಡ್ಡ ಮರ ಬಿದ್ದಲ್ಲಿಯೇ ಸಣ್ಣದಾಗಬೇಕಿತ್ತು. ಇಬ್ಬರು ಎದುರುಬದುರು ಕುಳಿತು ಎಳೆಯುವ ಜೋಡಿ ಗರಗಸದಿಂದ ತುಂಡು ಮಾಡುವುದು, ತುಂಡಿಗೆ ಕಬ್ಬಿಣದ ಬೆಣೆ ಹೊಡೆದು ಸೀಳುವುದು, ಹಲಗೆಯಾಗಬಲ್ಲ ತುಂಡಿದ್ದರೆ ಅಲ್ಲಿಯೇ ಕುಳಿ ತೋಡಿ ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಕೊಯ್ಯುವುದು. ಕೆಳಗೆ ನಿಂತವನ ಕಣ್ಣು ಬಾಯಿಗಳಿಗೆ ದಿನವೆಲ್ಲ ಬೀಳುವ ಹೊಟ್ಟಿಗೆ ಯಾವ ಕೂಲಿಯೂ ಸಾಟಿಯಲ್ಲ. ಇಷ್ಟು ಮಾಡಿ ದೊರೆಯುವುದು ಆಲದ ಸೌದೆಯೆಂದಾದರೆ, ಯಾವ ರೈತ ತಾನೆ ಆ ಗೋಜಿಗೆ ಹೋದಾನು? ಹೀಗೆ ಆಲದ ಮರಕ್ಕೆ ಅದರ ಗಾತ್ರವೇ ರಕ್ಷೆಯಾಗಿತ್ತು. ಜಾಲಿ ಬೇವುಗಳು ಮಾತ್ರ ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ, ಮಗಳ ಮದುವೆಗೋ ಹೊಸ ಮಾಳಿಗೆಗೋ, ಕೊಡಲಿಗೆ ಒಡ್ಡಿಕೊಂಡು ಮತ್ತೆ ಬೆಳೆಯುತ್ತಿದ್ದುವು.

ದಾರಿಯ ಮರಗಳ ಕಥೆ ಬೇರೆ. ಅಲ್ಲಿ ಸರಕಾರ ಪ್ರವೇಶಿಸಿತು. ಚಿಕ್ಕೋಡಿಯ ಪರಗಣೆ ಕೊಲ್ಹಾಪುರದ ಕೈಯಿಂದ 1827ರಲ್ಲಿ ಕುಂಪಣಿಯ ಆಡಳಿತಕ್ಕೆ ಸೇರಿತು. ನೆರೆಯ ರಾಯಬಾಗವು 1949ರವರೆಗೂ ಕೊಲ್ಹಾಪುರ ಸಂಸ್ಥಾನದಲ್ಲಿಯೇ ಉಳಿಯಿತು. ಒಂದೇ ದಿನದ ನಡಿಗೆಯಲ್ಲಿ ಎರಡು ಪ್ರಭುತ್ವಗಳ ಸಾಲುಮರಗಳ ನೆರಳನ್ನು ಉಂಡ ವ್ಯಾಪಾರಿಗಳು, ಯಾತ್ರಿಕರು, ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೊರಟ ಚಕ್ಕಡಿಗಳವರು ಈ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇದ್ದಿರಬೇಕು. 1879ರ ಮುಂಬಯಿ ಭೂಕಂದಾಯ ಸಂಹಿತೆಯು ಈ ಮರಗಳ ಬಗೆಗೆ ಮಾಡಿದ ಏರ್ಪಾಡು ನನಗೆ ಬಹು ಸ್ವಾರಸ್ಯಕರವಾಗಿ ತೋರಿದೆ. ಸರಕಾರದ ವೆಚ್ಚದಿಂದ ದಾರಿಯ ಬದಿಯಲ್ಲಿ ನೆಟ್ಟು ಬೆಳೆಸಿದ ಮರವು ಸರಕಾರದ್ದು. ಆದರೆ ಅದು ಒಣಗಿದರೆ, ಗಾಳಿಗೆ ಉರುಳಿದರೆ, ಅಥವಾ ಕಲೆಕ್ಟರರ ಅಪ್ಪಣೆಯಿಂದ ಕಡಿಯಲ್ಪಟ್ಟರೆ, ಅದರ ನಾಟ ಆ ನೆಲದ ಹಿಡುವಳಿದಾರನದು. ಅದರ ಫಲ ಮತ್ತು ಸವರಿದ ಕೊಂಬೆಗಳೂ ಅವನವೇ, ಸವರುವುದಕ್ಕೆ ಮಾತ್ರ ಅಪ್ಪಣೆ ಬೇಕು. ನಿಂತಷ್ಟು ದಿನ ದೊರೆಯ ಮರ, ಬಿದ್ದ ಗಳಿಗೆಯಿಂದ ರೈತನ ಮರ! ಹೊಲದವನಿಗೆ ಅದರ ನೆರಳಿನಿಂದ ಪೈರಿನ ಹಾನಿಯಾಗುವುದು ನಿಜ, ಅದಕ್ಕೆ ಪರಿಹಾರವಾಗಿ ಹಣ್ಣೂ ಕೊಂಬೆಯೂ ಕೊನೆಗೆ ದೇಹವೂ ಅವನಿಗೆ ಸಲ್ಲಲಿ ಎಂಬ ನ್ಯಾಯ ಇದರಲ್ಲಿ ಅಡಗಿದೆ. ಬಿರುಗಾಳಿಗಾಗಿ ಕಾತರದಿಂದ ಕಾಯುವ ಹಿಡುವಳಿದಾರನನ್ನು ಊಹಿಸಿಕೊಂಡರೆ ನಗೆ ಬರುತ್ತದೆ. ಗಾಳಿಗೆ ನೆರವಾಗಲೆಂದು ಇರುಳಲ್ಲಿ ಬೇರಿಗೆ ಎರಡೇಟು ಹಾಕಿದವರು ಇದ್ದಿರಲಾರರೆಂದು ನಾನು ಪ್ರಮಾಣ ಮಾಡಲಾರೆ.

ಊರಿನ ಮರಗಳು ಉಳಿದುದಕ್ಕೆ ಇನ್ನೊಂದು ಕಾರಣ ಊರಿನಿಂದ ಬಹುದೂರದಲ್ಲಿತ್ತು. ಸಹ್ಯಾದ್ರಿಯ ತೇಗ, ಮತ್ತಿ, ಹೊನ್ನೆಗಳನ್ನು ಮುಂಬಯಿಯ ಹಡಗುಕಟ್ಟೆಗೂ ಕಟ್ಟಡಗಳಿಗೂ ಕಡಿದು ಕಡಿದು ಗುತ್ತೇದಾರರು ಕಾಡನ್ನು ಬರಿದುಮಾಡತೊಡಗಿದಾಗ 1847ರಲ್ಲಿ ಡಾಕ್ಟರ್ ಅಲೆಗ್ಸಾಂಡರ್ ಗಿಬ್ಸನ್ ಮುಂಬಯಿ ಇಲಾಖೆಯ ಅರಣ್ಯಪಾಲಕನಾಗಿ ನಿಯಮಿತನಾದನು. 1878ರ ಅರಣ್ಯ ಕಾಯಿದೆಯಿಂದ ಕಾಡಿಗೆ ಗಡಿಗಳು ಬಿದ್ದುವು. ಬಳಿಕ ಸದರ್ನ್ ಮರಾಠಾ ರೈಲುಹಳಿ ಬೆಳಗಾವಿ, ಘಟಪ್ರಭಾ, ರಾಯಬಾಗ, ಮೀರಜಗಳನ್ನು ಕಟ್ಟಿಕೊಂಡು ಬಂದಿತು. ದಾಂಡೇಲಿಯಿಂದ ಅಳ್ನಾವರಕ್ಕೆ ನಾಟ ಸಾಗಿಸುವ ಕವಲುಹಳಿಯೂ ಬಿದ್ದಿತು. ದಾಂಡೇಲಿಯ ಕಾಡಿನಲ್ಲಿ ದಿಮ್ಮಿಯನ್ನು ಸರಪಳಿಗೆ ಕಟ್ಟಿಸಿಕೊಂಡು ಎಳೆದು ತರುತ್ತಿದ್ದುದು ಆನೆ. ಇಳಿಜಾರಿನಲ್ಲಿ ದಿಮ್ಮಿ ತನ್ನ ಹಿಂಗಾಲಿಗೆ ಬಡಿಯದಂತೆ ನಡೆಯುವ ಅದರ ಜಾಣ್ಮೆಯನ್ನು ಕಂಡವರು ಮರೆಯಲಾರರು. ಹೀಗೆ ಹಳಿಯ ಮೇಲೆ ಬಂದ ನೆಟ್ಟನೆಯ ತೇಗದ ತೊಲೆ ಕೈಗೆಟುಕುವಂತಾದ ಮೇಲೆ, ಚಿಕ್ಕೋಡಿ ತಾಲೂಕಿನ ಸ್ಥಿತಿವಂತನು ತನ್ನ ಮಾಳಿಗೆಗಾಗಿ ಊರ ಬಾವಿಯ ಮೇಲಿನ ಸೊಟ್ಟ ಬೇವಿನ ಕಡೆಗೆ ನೋಡಬೇಕಾದ ಅಗತ್ಯ ಕಡಿಮೆಯಾಯಿತು. ಬಯಲಿನ ಮರವನ್ನು ಬೆಟ್ಟದ ಮರ ಕಾಯಿತೆಂದರೆ ತಪ್ಪಾಗಲಾರದು.

ಈ ಸಮತೋಲ ಮುರಿದದ್ದು ಯಂತ್ರಗರಗಸದಿಂದಲ್ಲ. ಅದಕ್ಕಿಂತ ಬಹು ಮುಂಚೆ, ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಬಂದು ಮುಟ್ಟಿದರು. 1910ರಲ್ಲಿ ಅವರ ಕಾರಖಾನೆ ಕುಂಡಲದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಕಬ್ಬಿಣ ಸೋಂಕಿದರೆ ಭೂಮಿಗೆ ವಿಷವೆಂದು ಮೊದಮೊದಲು ಹಿಂಜರಿದ ರೈತರು ಕ್ರಮೇಣ ಅದನ್ನು ಒಪ್ಪಿಕೊಂಡರು, ಒಪ್ಪಿಕೊಂಡಂತೆ ಜಾಲಿಯ ರಂಟೆಗೆ ಕಾಲ ಮುಗಿಯಿತು. ಗಾಣವೂ ಕಬ್ಬಿಣದ್ದಾಯಿತು. ಆಮೇಲೆ ರಬ್ಬರಿನ ಗಾಲಿ, ಆಮೇಲೆ ಟ್ರ್ಯಾಕ್ಟರು. ಬದುವಿನ ಜಾಲಿಯನ್ನು ಹದಿನೈದು ವರ್ಷ ಸಾಕುವುದಕ್ಕೆ ಇದ್ದ ಕಾರಣಗಳು ಒಂದೊಂದಾಗಿ ಕಳಚಿಹೋದುವು.

ಅಷ್ಟರಲ್ಲಿ ನೀರು ಬಂತು. ಧೂಪದಾಳದ ಒಡ್ಡು ಹತ್ತೊಂಬತ್ತನೆಯ ಶತಮಾನದ ಕೊನೆಯದು. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯ 1977ರಲ್ಲಿ ಪೂರ್ತಿಗೊಂಡಿತು. ಘಟಪ್ರಭೆಯ ನೀರಿನ ಚಿಕ್ಕೋಡಿ ಶಾಖಾ ಕಾಲುವೆಯಿಂದ ಈ ಮಗ್ಗುಲಿನ ಎರೆ ಕಬ್ಬಿನ ನೆಲವಾಯಿತು. ಕಬ್ಬು ನೆರಳನ್ನು ಸಹಿಸದ ಪೈರು. ಮಳೆಯಾಧಾರದ ಜೋಳದ ಹೊಲದಲ್ಲಿ ಬೇವಿನ ಕೆಳಗಿನ ನಾಲ್ಕು ಸಾಲು ಬಡವಾದರೆ ರೈತ ಲಕ್ಷ್ಯಕ್ಕೆ ತರುತ್ತಿರಲಿಲ್ಲ, ಆ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಿದ್ದ. ಟನ್ನಿನ ಲೆಕ್ಕದಲ್ಲಿ ತೂಗಿ ಹಣ ಎಣಿಸುವ ಕಬ್ಬಿನಲ್ಲಿ ಆ ನಾಲ್ಕು ಸಾಲಿಗೂ ದರ ಬಂತು. ಬದುವಿನ ಮರ ಹೀಗೆ ಆಸ್ತಿಯ ಪಟ್ಟಿಯಿಂದ ಸಾಲದ ಪಟ್ಟಿಗೆ ಹೋಯಿತು. ಕೊಳ್ಳುವವರೂ ಹತ್ತಿರ ಬಂದರು: ಇಟ್ಟಿಗೆ ಭಟ್ಟಿಗಳು, ಕಟ್ಟಿಗೆ ಅಡ್ಡೆಗಳು, ಸಾ ಮಿಲ್ಲುಗಳು.

ಯಂತ್ರಗರಗಸ ಜರ್ಮನಿಯಲ್ಲಿ ರೂಪುಗೊಂಡದ್ದು. ಆಂದ್ರೆಯಾಸ್ ಸ್ಟಿಲ್ ಎಂಬ ಎಂಜಿನಿಯರನು 1926ರಲ್ಲಿ ವಿದ್ಯುತ್ತಿನಿಂದ ನಡೆಯುವ, 1929ರಲ್ಲಿ ಪೆಟ್ರೋಲಿನಿಂದ ನಡೆಯುವ ಸರಪಳಿ ಗರಗಸಗಳನ್ನು ಹೊರತಂದನು. ಎರಡೂ ಇಬ್ಬರು ಹೊರಬೇಕಾದಷ್ಟು ಭಾರ. ಸರಪಳಿಯ ಹಲ್ಲು ಬೇಗ ಮೊಂಡಾಗುತ್ತಿದ್ದುದು ದೊಡ್ಡ ತೊಡಕಾಗಿತ್ತು. ಅಮೆರಿಕದ ಓರೆಗಾನಿನಲ್ಲಿ ಮರ ಕಡಿಯುವ ವೃತ್ತಿಯ ಜೋಸೆಫ್ ಕಾಕ್ಸ್ ಎಂಬವನು, ಕೊರಡಿನೊಳಗೆ ಎಡಕ್ಕೂ ಬಲಕ್ಕೂ ಕೊರೆಯುತ್ತ ಸಾಗುವ ಮರಹುಳುವಿನ ದವಡೆಯನ್ನು ದಿಟ್ಟಿಸಿ ನೋಡಿ, ಅದೇ ಬಾಗಿನ ಹಲ್ಲುಗಳ ಸರಪಳಿಯನ್ನು 1947ರಲ್ಲಿ ತಯಾರಿಸತೊಡಗಿದನು. ಇಂದು ಕಬ್ಬೂರಿನ ಕೂಲಿಯವನ ಕೈಯಲ್ಲಿ ಮೊರೆಯುವ ಸರಪಳಿಯೂ ಆ ಹುಳುವಿನ ವಂಶದ್ದೇ. 1950ರ ದಶಕದಲ್ಲಿ ಗರಗಸ ಒಬ್ಬಾಳಿನ ಹೊರೆಯಾಗಿ ಇಳಿಯಿತು. ನಮ್ಮ ನಾಡಿನ ಹಳ್ಳಿಗಳಿಗೆ ಅದು ತಲಪಿದ್ದು ಬಹಳ ತಡವಾಗಿ, ತಲಪಿದ ಮೇಲೆ ಹರಡಿದ್ದು ಬಹಳ ಬೇಗ. ಜನ ಅದಕ್ಕೆ 'ಮಶೀನು' ಎಂಬುದಕ್ಕಿಂತ ಹೆಚ್ಚಿನ ಹೆಸರಿಡುವ ತೊಂದರೆ ತೆಗೆದುಕೊಳ್ಳಲಿಲ್ಲ.

ಹೆಮ್ಮರದ ಮುಂದೆ ಈ ಮಶೀನೂ ವಿದ್ಯೆಯನ್ನು ಬೇಡುತ್ತದೆ. ರಸ್ತೆಬದಿಯ ಹುಣಸೆಯನ್ನು ಬುಡದಲ್ಲಿ ಕೊಯ್ದು ಒಮ್ಮೆಲೆ ಬೀಳಿಸುವಂತಿಲ್ಲ. ಒಂದು ಕಡೆ ವಿದ್ಯುತ್ ತಂತಿ, ಇನ್ನೊಂದು ಕಡೆ ಚಹದ ಅಂಗಡಿ. ನಡುವಿಗೆ ಹಗ್ಗ ಬಿಗಿದುಕೊಂಡು ಒಬ್ಬ ಮೇಲೇರಿ ತುದಿಯಿಂದ ಕೆಳಕ್ಕೆ ಕೊಂಬೆ ಕೊಂಬೆಯಾಗಿ ಇಳಿಸುತ್ತ ಬರಬೇಕು, ದಪ್ಪ ಕೊಂಬೆಗೆ ಮೊದಲೇ ಹಗ್ಗ ಕಟ್ಟಿ ಕೆಳಗಿನವರ ಕೈಗೆ ಕೊಟ್ಟಿರಬೇಕು. ಬೋಳಾಗಿ ನಿಂತ ಕಾಂಡಕ್ಕೆ ಬೀಳಬೇಕಾದ ದಿಕ್ಕಿನಲ್ಲಿ ಅಡ್ಡಳತೆಯ ಕಾಲುಭಾಗದಷ್ಟು ಆಳಕ್ಕೆ ಬಾಯಿ ತೆಗೆದು, ಹಿಂಬದಿಯಿಂದ ತುಸು ಮೇಲಾಗಿ ಕೊಯ್ಯುತ್ತ ಬಂದು, ಎರಡರ ನಡುವೆ ಒಂದು ಪಟ್ಟಿಯಷ್ಟು ಮರವನ್ನು ಕೊಯ್ಯದೆ ಉಳಿಸಬೇಕು. ಬೀಳುವ ಮರ ಕದದ ತಿರುಗಣಿಯ ಮೇಲೆಂಬಂತೆ ಆ ಪಟ್ಟಿಯ ಮೇಲೆ ಬಾಗುತ್ತದೆ. ಪಟ್ಟಿ ಕಡಿದುಹೋದರೆ ಮರಕ್ಕೆ ದಿಕ್ಕಿಲ್ಲ. ಬುಡ ಟೊಳ್ಳಾಗಿದ್ದರೆ ಪಟ್ಟಿಯೇ ಇಲ್ಲ. ಹಳೆಯ ಹುಣಸೆಗಳಲ್ಲಿ ಅನೇಕವು ಟೊಳ್ಳು. ಇನ್ನು ಮರದ ಒಡಲಿನಲ್ಲಿ ತಲೆಮಾರುಗಳ ಕಬ್ಬಿಣ ಸೇರಿರುತ್ತದೆ: ಹರಕೆಯ ಮೊಳೆ, ತಂತಿ, ದನ ಕಟ್ಟಿದ ಬಳೆ; ತೊಗಟೆ ಬೆಳೆದು ಮುಚ್ಚಿಕೊಂಡ ಆ ಮೊಳೆಗೆ ತಾಗಿದೊಡನೆ ಸರಪಳಿಯಿಂದ ಕಿಡಿ ಹಾರುತ್ತದೆ, ಹಲ್ಲುಗಳು ಸತ್ತುಹೋಗುತ್ತವೆ. ಆಗ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಉರುಟಾದ ಅರದಿಂದ ಒಂದೊಂದೇ ಹಲ್ಲನ್ನು ಎರಡೆರಡು ಸಲ ಉಜ್ಜಿ ಹರಿತಮಾಡುವ ಕೆಲಸಗಾರನ ತಾಳ್ಮೆ ನೋಡತಕ್ಕುದು. ಹಲ್ಲು ಹರಿತವಾಗಿದೆಯೆ ಎಂಬುದನ್ನು ಅವನು ಅರಿಯುವುದು ಹೊಟ್ಟಿನಿಂದ. ದಪ್ಪ ಚಕ್ಕೆಗಳಾಗಿ ಉದುರಿದರೆ ಸರಿ, ಹಿಟ್ಟಿನಂತೆ ನುಣ್ಣಗೆ ಬಂದರೆ ಮತ್ತೆ ಅರ ಹಿಡಿಯಬೇಕು. ಆಲದ ತೊಡಕು ಬೇರೆ ಬಗೆಯದು. ಅದರ ಹಾಲು ಸರಪಳಿಗೆ ಅಂಟಾಗಿ ಹಿಡಿಯುವುದಲ್ಲದೆ, ನಡುವಣ ಕಾಂಡವನ್ನು ಪೂರ್ತಿಯಾಗಿ ಕೊಯ್ದರೂ ಮರ ಬೀಳದೆ ತನ್ನ ಬಿಳಲುಗಳ ಮೇಲೆ ನಿಂತೇ ಇರುತ್ತದೆ.

ಕೆಡಹುವುದಕ್ಕಿಂತ ಹೆಚ್ಚಿನ ಕ್ರಾಂತಿಯಾದದ್ದು ಸಾಗಿಸುವುದರಲ್ಲಿ. ಹಿಂದೆ ಬೇರುಸಹಿತ ಉರುಳಿಸುತ್ತಿದ್ದವರಿಗೆ ಬೊಡ್ಡೆಯ ಚಿಂತೆ ಇರಲಿಲ್ಲ; ನೆಲಮಟ್ಟದಲ್ಲಿ ಕೊಯ್ಯುವ ಯಂತ್ರ ಬೊಡ್ಡೆಯನ್ನು ಬಿಟ್ಟುಹೋಗುತ್ತದೆ. ಆ ಬೊಡ್ಡೆಯನ್ನು ಕೀಳಲು ಜೆಸಿಬಿ, ಏಳು ಟನ್ನಿನ ಕಾಂಡವನ್ನು ಎತ್ತಲು ಕ್ರೇನು, ಒಯ್ಯಲು ಲಾರಿ. ಮುಂಜಾನೆ ನೆರಳಿದ್ದ ಕಡೆ ಸಂಜೆಗೆ ಗರಸು ತುಂಬಿ ಸಮಮಾಡಿದ ನೆಲ. ಹೆದ್ದಾರಿಗಳ ಅಗಲೀಕರಣದಲ್ಲಿ ಸಾಲುಮರಗಳು ಹೋದ ವೇಗಕ್ಕೆ ಇದೇ ಕಾರಣ. ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿ, ಸಂಕೇಶ್ವರಗಳ ಮಗ್ಗುಲಲ್ಲಿ ಚತುಷ್ಪಥವಾದಾಗ ಆದದ್ದೇ ತರುವಾಯ ಒಳನಾಡಿನ ರಸ್ತೆಗಳಲ್ಲಿಯೂ ಆಯಿತು.

ಕಾಯಿದೆ ಸುಮ್ಮನಿರಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಹೊಲದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು, ಕಡಿದವನು ಪ್ರತಿಯಾಗಿ ನೆಡಬೇಕು. ಐವತ್ತಕ್ಕೂ ಹೆಚ್ಚು ಮರಗಳನ್ನು ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಗಳಿಗೆ ಅವಕಾಶ ಕೊಡಬೇಕೆಂಬುದು ಆಮೇಲೆ ಸೇರಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತದ್ದು, 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ ಕಾಡಿನ ಕಡಿತಕ್ಕೂ ಪರವಾನಗಿಯಿಲ್ಲದ ಸಾ ಮಿಲ್ಲುಗಳಿಗೂ ತಡೆಯೊಡ್ಡಿದ್ದು ಎಲ್ಲರೂ ಬಲ್ಲ ಸಂಗತಿಗಳು. ಇವುಗಳಿಂದ ಬೆಟ್ಟದ ಮರಕ್ಕೆ ರಕ್ಷಣೆ ದೊರೆತುದು ಸಂತೋಷದ ವಿಷಯ. ಆದರೆ ಬೆಟ್ಟದ ನಾಟ ದುರ್ಲಭವಾದಂತೆ ಕೊಳ್ಳುವವನ ಕಣ್ಣು ಬಯಲಿನ ಬದುವಿಗೆ ಹೊರಳಿತು. ಹಿಂದೆ ಬೆಟ್ಟ ಬಯಲನ್ನು ಕಾಯ್ದಿದ್ದರೆ ಈಗ ಬಯಲು ಬೆಟ್ಟದ ಬದಲಿಗೆ ನಿಲ್ಲಬೇಕಾಯಿತು.

ಎತ್ತುವ ಯಂತ್ರಕ್ಕೆ ಎತ್ತಿ ನಿಲ್ಲಿಸುವುದೂ ಬರುತ್ತದೆಂಬುದನ್ನು ಸವಣೂರಿನವರು ತೋರಿಸಿದ್ದಾರೆ. ಅಲ್ಲಿನ ಕಲ್ಮಠದ ದೊಡ್ಡ ಹುಣಸೆಗಳೆಂದು ಹೆಸರಾದ ಮೂರು ಆಫ್ರಿಕಾ ಮೂಲದ ಮಹಾವೃಕ್ಷಗಳಲ್ಲಿ ಒಂದು 2023ರ ಜುಲೈ ತಿಂಗಳ ಮಳೆಗಾಳಿಗೆ ಬುಡಮೇಲಾದಾಗ ಅದನ್ನು ಸೌದೆಗೆ ಒಪ್ಪಿಸದೆ, ಕೊಂಬೆ ಸವರಿ, ಯಂತ್ರಗಳಿಂದ ಎತ್ತಿ ಅದೇ ಮಠದ ಆವರಣದಲ್ಲಿ ಮತ್ತೆ ನೆಟ್ಟರು. ಅಂಥ ವೆಚ್ಚ ಎಲ್ಲ ಊರುಗಳಿಗೂ ಸಾಧ್ಯವಲ್ಲ. ಆದರೆ ಆಲಕ್ಕೆ ಅಷ್ಟು ವೆಚ್ಚ ಬೇಕಾಗಿಲ್ಲ. ದಾರಿಯ ಆಲಗಳನ್ನು ನೆಡುತ್ತಿದ್ದ ಹಳೆಯ ಕ್ರಮವೇ ಗೂಟದ ಕ್ರಮ. ಕಡಿದ ಮರದಿಂದ ಲಾರಿಗೆ ಹೋಗುವ ಕೊಂಬೆಗಳಲ್ಲಿ ತೋಳಿನ ಗಾತ್ರದ, ಆಳುದ್ದಕ್ಕಿಂತ ತುಸು ಹೆಚ್ಚಿನ ನೆಟ್ಟನೆಯವನ್ನು ಆರಿಸಿ, ಎಲೆ ಸವರಿ, ಮೇಲ್ತುದಿಯ ಗಾಯಕ್ಕೆ ಸಗಣಿ ಮೆತ್ತಿ, ಮೃಗಶಿರ ಮಳೆಗೆ ಮೊಣಕಾಲುದ್ದದ ಕುಣಿಯಲ್ಲಿ ನಿಲ್ಲಿಸಿ ಮಣ್ಣು ಬಿಗಿಯಾಗಿ ತುಳಿದರೆ, ಆಡು ಮುಟ್ಟದಂತೆ ಸುತ್ತ ಜಾಲಿಯ ಮುಳ್ಳು ಕಟ್ಟಿದರೆ, ಶ್ರಾವಣದೊಳಗೆ ಅವುಗಳಲ್ಲಿ ಹಲವು ಚಿಗುರೊಡೆಯುತ್ತವೆ. ಮೊದಲ ಎರಡು ಬೇಸಗೆ ಮಾತ್ರ ಯಾರಾದರೂ ಕೊಡದಲ್ಲಿ ನೀರು ಹೊರಬೇಕು.